ನಗುವ ಸರೋವರಕ್ಕೆ ಚಳಿಗಾಲದ ಬೀಗ

ಅಕ್ಟೋಬರ್ ತಿಂಗಳ ಎರಡನೆಯ ವಾರ. ಅಮೆರಿಕದ ಈಶಾನ್ಯ ಭಾಗದಲ್ಲಿರುವ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಬೆಟ್ಟಗಳಲ್ಲಿ ಮೇಪಲ್ ಮರಗಳು ಕೆಂಡದ ಬಣ್ಣ ತಳೆದು ನಿಂತಿರುತ್ತವೆ. ಈ ವರ್ಣವೈಭವವನ್ನು ಕಾಣಲೆಂದೇ ದೂರದೂರದ ಊರುಗಳಿಂದ ಜನ ಕಾರುಗಳಲ್ಲಿ ಬರುತ್ತಾರೆ. ಆದರೆ ವಿನ್ನಿಪೆಸಾಕಿ ಸರೋವರದ ದಡದಲ್ಲಿ ಮನೆಯುಳ್ಳವರಿಗೆ ತಲೆಯೆತ್ತಿ ಎಲೆಗಳನ್ನು ನೋಡುವಷ್ಟು ವ್ಯವಧಾನವಿರುವುದಿಲ್ಲ. ಅವರ ಕಣ್ಣೆಲ್ಲ ನೀರಿನ ಮೇಲೆ. ಇನ್ನು ಕೆಲವು ವಾರಗಳಲ್ಲಿ ಆ ನೀರು ಕಲ್ಲಾಗಲಿದೆ. ಅಷ್ಟರೊಳಗೆ ದೋಣಿಕಟ್ಟೆಯನ್ನು ಬಿಚ್ಚಿ ದಡಕ್ಕೆ ತರಬೇಕು.

ವಿನ್ನಿಪೆಸಾಕಿ ಎಂಬುದು ಮೂಲನಿವಾಸಿಗಳು ಇಟ್ಟ ಹೆಸರು. ‘ಮಹಾಚೇತನದ ಮುಗುಳ್ನಗೆ’ ಎಂದು ಅದಕ್ಕೆ ಜನರು ಹೇಳುವ ಅರ್ಥ. ಪಂಡಿತರು ಬೇರೆ ಅರ್ಥ ಹೇಳಬಹುದು. ಬೇಸಿಗೆಯ ಬೆಳಗಿನಲ್ಲಿ ಈ ಸರೋವರವನ್ನು ಕಂಡವರು ಮಾತ್ರ ಜನರ ಅರ್ಥವನ್ನೇ ಒಪ್ಪುತ್ತಾರೆ. ಸುಮಾರು 21 ಮೈಲಿ ಉದ್ದ, 72 ಚದರ ಮೈಲಿ ವಿಸ್ತಾರ. ನಡುವೆ ಹಸಿರು ಹೊದ್ದ 250ಕ್ಕೂ ಹೆಚ್ಚು ದ್ವೀಪಗಳು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿಯೇ ಗವರ್ನರ್ ಜಾನ್ ವೆಂಟ್‌ವರ್ತ್ ಇದರ ಸಮೀಪದ ವುಲ್ಫ್‌ಬರೋದಲ್ಲಿ ಬೇಸಿಗೆಯ ಮನೆ ಕಟ್ಟಿಸಿದ್ದನು. ಅಂದಿನಿಂದ ಇಂದಿನವರೆಗೂ ಸೆಕೆಗೆ ಬೇಸತ್ತ ನಗರವಾಸಿಗಳು ಇಲ್ಲಿಗೆ ಬರುತ್ತಲೇ ಇದ್ದಾರೆ.

ದಡದ ಮನೆಗಳಿಂದ ನೀರಿನೊಳಕ್ಕೆ ಚಾಚಿಕೊಂಡ ಹಲಗೆಯ ಹಾದಿಯೇ ‘ಡಾಕ್’. ನಮ್ಮ ಕರಾವಳಿಯವರು ದಕ್ಕೆ ಎಂದು ಕರೆಯುವುದರ ಪುಟ್ಟ ರೂಪವಿದು. ಹೆಸರಿಗೆ ದೋಣಿ ಕಟ್ಟುವ ಸ್ಥಳ. ಆದರೆ ಹಳ್ಳಿಯ ಮನೆಗೆ ಜಗಲಿ ಹೇಗೋ ಸರೋವರದ ಮನೆಗೆ ಇದು ಹಾಗೆ. ಮಕ್ಕಳು ಈಜು ಕಲಿಯುವುದು ಇದರ ತುದಿಯಿಂದ ಹಾರಿ. ಹಿರಿಯರು ಕಾಫಿ ಕುಡಿಯುವುದು ಇದರ ಮೇಲೆ ಕುಳಿತು. ನೆರೆಯವರು ಬರುವುದೂ ದೋಣಿಯಲ್ಲಿ, ಇದೇ ಬಾಗಿಲಿನಿಂದ. ದ್ವೀಪದಲ್ಲಿ ಮನೆಯಿದ್ದವರಿಗಂತೂ ಕಟ್ಟೆಯಿಲ್ಲದಿದ್ದರೆ ಮನೆಯೇ ಇಲ್ಲದಂತೆ.

ಹಗುರಾಗುವ ನೀರು

ಬೆಂಗಳೂರಿನ ದಾಖಲೆಯಲ್ಲಿರುವ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಅಷ್ಟು ಚಳಿಯನ್ನು ನ್ಯೂ ಹ್ಯಾಂಪ್‌ಶೈರಿನವರು ಅಂಗಿಯ ತೋಳು ಮಡಿಸಿಕೊಂಡು ಕೆಲಸ ಮಾಡುವ ಹವೆ ಎಂದಾರು. ಅಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ.

ನೀರಿನ ಸ್ವಭಾವ ವಿಚಿತ್ರವಾದುದು. ತಣ್ಣಗಾಗುತ್ತ ಹೋದಂತೆ ಅದು ಭಾರವಾಗಿ ತಳಕ್ಕಿಳಿಯುತ್ತದೆ; ಆದರೆ 4 ಡಿಗ್ರಿ ಮುಟ್ಟಿದ ಮೇಲೆ ಮತ್ತೆ ಹಗುರಾಗತೊಡಗುತ್ತದೆ. ಆದುದರಿಂದಲೇ ಸರೋವರ ಮೇಲಿನಿಂದ ಹೆಪ್ಪುಗಟ್ಟುತ್ತದೆ. ಕೆಳಗೆ ಮೀನುಗಳು ಬದುಕಿರುತ್ತವೆ. ಹೆಪ್ಪುಗಟ್ಟುವಾಗ ನೀರು ನೂರಕ್ಕೆ ಸುಮಾರು ಒಂಬತ್ತು ಪಾಲು ಹಿಗ್ಗುತ್ತದೆ. ಕಬ್ಬಿಣದ ಎಂಜಿನ್ನನ್ನೂ ಸೀಳುವ ಬಲ ಈ ಹಿಗ್ಗುವಿಕೆಗಿದೆ.

ದೋಣಿಕಟ್ಟೆಗೆ ಶತ್ರು ಇದೊಂದೇ ಅಲ್ಲ. ಹೆಪ್ಪುಗಟ್ಟಿದ ಮಂಜುಗಡ್ಡೆ ನಿಶ್ಚಲವಾಗಿರುವುದಿಲ್ಲ. ರಾತ್ರಿಯ ಕೊರೆತಕ್ಕೆ ಅದು ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಏರಿ ಅದೂ ಹೆಪ್ಪುಗಟ್ಟುತ್ತದೆ. ಹಗಲಿನ ಬಿಸಿಲಿಗೆ ಇಡೀ ಹಾಸು ಹಿಗ್ಗಿದಾಗ ಮೊದಲಿನ ಜಾಗ ಸಾಲದೆ ದಡವನ್ನು ನೂಕುತ್ತದೆ. ಒಂದು ಕಿಲೋಮೀಟರ್ ಅಗಲದ ಮಂಜುಹಾಸು ಹತ್ತು ಡಿಗ್ರಿ ಬೆಚ್ಚಗಾದರೆ ಸುಮಾರು ಅರ್ಧ ಮೀಟರಿನಷ್ಟು ಹಿಗ್ಗಬಲ್ಲದು. ಬಂಡೆಗಳನ್ನೇ ದಡಕ್ಕೆ ದೂಡುವ ಈ ಒತ್ತಡಕ್ಕೆ ಮರದ ಕಟ್ಟೆ ಯಾವ ಲೆಕ್ಕ? ಚಳಿಗಾಲದ ರಾತ್ರಿಗಳಲ್ಲಿ ಸರೋವರದ ಮೇಲೆ ದೂರದ ಗುಡುಗಿನಂತೆ ಕೇಳಿಬರುವ ಸದ್ದು ಈ ಬಿರುಕುಗಳದೇ.

ಇನ್ನೊಂದು ಬಗೆಯ ಹಾನಿ ಸದ್ದಿಲ್ಲದೆ ನಡೆಯುತ್ತದೆ. ನೆಲದಲ್ಲಿ ಹೂಳಿದ ಕಂಬವನ್ನು ಮಂಜು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಡುವೆ ಮಳೆ ಬಂದೋ ಹಿಮ ಕರಗಿಯೋ ನೀರಿನ ಮಟ್ಟ ಏರಿದರೆ ಮಂಜುಹಾಸೂ ಏರುತ್ತದೆ. ಅದರೊಡನೆ ಕಂಬವೂ ಹಲ್ಲು ಕಿತ್ತಂತೆ ಮೇಲೇಳುತ್ತದೆ. ಕೆಳಗೆ ತೆರವಾದ ಕುಳಿಗೆ ಕೆಸರು ಸರಿದು ತುಂಬುವುದರಿಂದ ಕಂಬ ಮತ್ತೆ ತನ್ನ ಸ್ಥಾನಕ್ಕೆ ಇಳಿಯುವುದಿಲ್ಲ. ಕೆಲವು ಚಳಿಗಾಲಗಳು ಕಳೆಯುವಷ್ಟರಲ್ಲಿ ಕಟ್ಟೆ ಸೊಟ್ಟಗಾಗಿ ನಿಂತಿರುತ್ತದೆ.

ತುದಿಯಿಂದ ದಡಕ್ಕೆ

ಶರತ್ಕಾಲದಲ್ಲಿ ಲೇಕ್‌ಪೋರ್ಟಿನ ಅಣೆಕಟ್ಟಿನಿಂದ ನೀರು ಹೊರಬಿಟ್ಟು ಸರೋವರದ ಮಟ್ಟವನ್ನು ಇಳಿಸುವುದು ವಾಡಿಕೆ. ವಸಂತದಲ್ಲಿ ಕರಗಿ ಬರುವ ಹಿಮದ ನೀರಿಗೆ ಇದರಿಂದ ಸ್ಥಳ ದೊರೆಯುತ್ತದೆ. ದಡದವರಿಗೆ ಕಟ್ಟೆಯ ಕಾಲುಗಳನ್ನು ಪರೀಕ್ಷಿಸುವ ಅನುಕೂಲವೂ ಆಗುತ್ತದೆ.

ಕೆಲಸಕ್ಕೊಂದು ಕ್ರಮವಿದೆ. ಮೊದಲು ಕಟ್ಟೆಯ ದೀಪಗಳಿಗೆ ಬರುವ ವಿದ್ಯುತ್ತನ್ನು ಕಡಿಯಬೇಕು. ಬಳಿಕ ದೋಣಿ ಮೇಲೇರಬೇಕು. ಎಂಜಿನ್ನಿನೊಳಗಿನ ನೀರನ್ನು ಹನಿಯುಳಿಯದಂತೆ ಬಸಿದು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ಹರಿಸಿ, ಬ್ಯಾಟರಿಯನ್ನು ಮನೆಯೊಳಗಿಟ್ಟು, ದೋಣಿಗೆ ಬಿಳಿಯ ಪ್ಲಾಸ್ಟಿಕ್ ಹೊದಿಕೆ ಬಿಗಿಯುತ್ತಾರೆ. ನವೆಂಬರಿನಲ್ಲಿ ರಸ್ತೆಯ ಇಕ್ಕೆಲಗಳಲ್ಲಿ ಸಾಲಾಗಿ ನಿಂತ ದೋಣಿಗಳು ರೇಷ್ಮೆಗೂಡುಗಳಂತೆ ಕಾಣುತ್ತವೆ.

ಅನಂತರ ಕಟ್ಟೆಯ ಸರದಿ. ಏಣಿ, ಹಗ್ಗ, ದೋಣಿಗೆ ತಾಗದಂತೆ ಕಟ್ಟಿದ ಮೆತ್ತೆಗಳು ಮೊದಲು ಬರುತ್ತವೆ. ಎದೆಯವರೆಗೆ ಬರುವ ರಬ್ಬರಿನ ಉಡುಪು ತೊಟ್ಟ ಇಬ್ಬರು ನೀರಿಗಿಳಿಯುತ್ತಾರೆ. ಮತ್ತಿಬ್ಬರು ಮೇಲೆ ನಿಲ್ಲುತ್ತಾರೆ. ಅತ್ಯಂತ ದೂರದ ಹಲಗೆಯ ಚೌಕಟ್ಟನ್ನು ಮೊದಲು ಬಿಚ್ಚಬೇಕು; ಆಗ ಉಳಿದ ಕಟ್ಟೆಯೇ ಅದನ್ನು ಹೊತ್ತು ತರುವ ಹಾದಿಯಾಗುತ್ತದೆ. ಹೀಗೆ ತುದಿಯಿಂದ ದಡದ ಕಡೆಗೆ ಕಟ್ಟೆ ತುಂಡುತುಂಡಾಗಿ ಹಿಂದೆ ಸರಿಯುತ್ತದೆ. ಪ್ರತಿಯೊಂದು ಚೌಕಟ್ಟಿಗೂ ಸಂಖ್ಯೆ ಬರೆಯುವವನು ಜಾಣ. ಬರೆಯದವನು ಮೇ ತಿಂಗಳಲ್ಲಿ ತಲೆ ಕೆರೆದುಕೊಳ್ಳುತ್ತಾನೆ. ಬಿಚ್ಚಿದ ಬೋಲ್ಟು ನಟ್ಟುಗಳು ಎಣ್ಣೆ ಸವರಿಸಿಕೊಂಡು ಹಳೆಯ ಕಾಫಿ ಡಬ್ಬಿಯನ್ನು ಸೇರುತ್ತವೆ.

ಚಕ್ರವುಳ್ಳ ಕಟ್ಟೆಗಳನ್ನು ಗಾಡಿಯಂತೆ ದಡಕ್ಕೆ ಎಳೆದರಾಯಿತು. ತೇಲುವ ಕಟ್ಟೆಗಳನ್ನು ಗಾಳಿ ಬೀಸದ ಕೊಲ್ಲಿಗೆ ಎಳೆದೊಯ್ದು ಸಡಿಲವಾದ ಸರಪಳಿಯಿಂದ ಕಟ್ಟುವುದುಂಟು; ಅವು ಮಂಜಿನೊಡನೆಯೇ ಏರಿ ಇಳಿಯುತ್ತವೆ. ಎಲ್ಲಿ ಪೇರಿಸಿದರೂ ವಸಂತದ ನೆರೆ ಮುಟ್ಟದ ಎತ್ತರದಲ್ಲಿಯೇ ಪೇರಿಸಬೇಕು. ಕರಗುವ ಕಾಲದಲ್ಲಿ ಗಾಳಿಯ ಹೊಡೆತಕ್ಕೆ ಸಿಕ್ಕ ಮಂಜಿನ ತುಂಡುಗಳು ದಡದ ಮೇಲಕ್ಕೆ ಏರಿ ಬರುತ್ತವೆ.

ಒಬ್ಬರ ರಕ್ಷೆ, ಮತ್ತೊಬ್ಬರ ಅಪಾಯ

ಹಳೆಯ ಕಾಲದ ದೊಡ್ಡ ಕಟ್ಟೆಗಳ ಬುಡದಲ್ಲಿ ಕಲ್ಲು ತುಂಬಿದ ಮರದ ಪೆಟ್ಟಿಗೆಗಳಿವೆ. ಇವುಗಳನ್ನು ಬಿಚ್ಚುವಂತಿಲ್ಲ. ಇವುಗಳ ರಕ್ಷಣೆಗೆ ನೀರಿನ ಅದೇ ವಿಚಿತ್ರ ಸ್ವಭಾವವನ್ನು ಬಳಸಿಕೊಳ್ಳುತ್ತಾರೆ. ತಳದಲ್ಲಿರುವ ತುಸು ಬೆಚ್ಚಗಿನ ನೀರನ್ನು ಗಾಳಿಯ ಗುಳ್ಳೆಗಳಿಂದಲೋ ಮುಳುಗಿಸಿಟ್ಟ ವಿದ್ಯುತ್ ರೆಕ್ಕೆಯಿಂದಲೋ ಮೇಲಕ್ಕೆ ತಳ್ಳಿದರೆ ಕಟ್ಟೆಯ ಸುತ್ತ ಮಂಜು ಕಟ್ಟುವುದಿಲ್ಲ.

ಆದರೆ ಈ ಉಪಾಯದಲ್ಲಿ ಒಂದು ಕುತ್ತು ಅಡಗಿದೆ. ಚಳಿಗಾಲದಲ್ಲಿ ಸರೋವರ ನಿರ್ಜನವಲ್ಲ. ಮಂಜಿನ ಮೇಲೆ ಜನ ನಡೆಯುತ್ತಾರೆ, ಹಿಮದ ಬಂಡಿ ಓಡಿಸುತ್ತಾರೆ, ರಂಧ್ರ ಕೊರೆದು ಮೀನು ಹಿಡಿಯುತ್ತಾರೆ. ಫೆಬ್ರವರಿಯಲ್ಲಿ ಮೆರೆಡಿತ್ ಪಟ್ಟಣದಲ್ಲಿ ಮೀನು ಹಿಡಿಯುವ ಸ್ಪರ್ಧೆಯೇ ನಡೆಯುತ್ತದೆ. ನಡೆಯಲು ಕನಿಷ್ಠ 6 ಅಂಗುಲ, ಹಿಮದ ಬಂಡಿಗೆ 8ರಿಂದ 10 ಅಂಗುಲ ದಪ್ಪನೆಯ ಮಂಜಿರಬೇಕೆಂದು ಅಲ್ಲಿನ ಅಧಿಕಾರಿಗಳು ಎಚ್ಚರಿಸುತ್ತಾರೆ. ಹಿಮದ ತೆಳು ಹೊದಿಕೆಯಡಿಯಲ್ಲಿ ಗಟ್ಟಿ ಮಂಜು ಎಲ್ಲಿ ಮುಗಿಯಿತು, ಗುಳ್ಳೆಯಂತ್ರದಿಂದ ತೆಳುವಾದ ಮಂಜು ಎಲ್ಲಿ ಮೊದಲಾಯಿತು ಎಂಬುದು ಸಂಜೆಗತ್ತಲಿನಲ್ಲಿ ಬರುವವನ ಕಣ್ಣಿಗೆ ತಿಳಿಯದು. ತನ್ನ ಹಲಗೆಗಳನ್ನು ಉಳಿಸಿಕೊಳ್ಳಲು ಹೂಡಿದ ಯಂತ್ರ ಅಪರಿಚಿತನೊಬ್ಬನ ಪ್ರಾಣ ತೆಗೆಯಬಹುದು. ಆದುದರಿಂದಲೇ ಇಂತಹ ಯಂತ್ರವಿರುವೆಡೆ ‘ಅಪಾಯ, ತೆಳು ಮಂಜು’ ಎಂಬ ಫಲಕವನ್ನು ಎಲ್ಲ ದಿಕ್ಕಿಗೂ ಕಾಣುವಂತೆ ನಿಲ್ಲಿಸಬೇಕೆಂದು ಕಾನೂನಿದೆ. ವಿವೇಕಿಗಳು ಯಂತ್ರವನ್ನು ಸದಾ ಓಡಿಸದೆ, ಚಳಿ ಹೆಚ್ಚಿದಾಗ ಮಾತ್ರ ಚಾಲೂ ಆಗುವಂತೆ ಅಳವಡಿಸಿ, ತೆರೆದ ನೀರು ತಮ್ಮ ಕಟ್ಟೆಯನ್ನು ಮೀರದಂತೆ ನೋಡಿಕೊಳ್ಳುತ್ತಾರೆ.

ಕಟ್ಟೆಗೆ ಬಿಗಿದ ಹಡಗಿಗೂ ಚಳಿಗಾಲ ನಿಶ್ಚಿಂತೆಯ ಕಾಲವಲ್ಲ. 1872ರಿಂದ ಸರೋವರದ ರಾಣಿಯಂತೆ ಮೆರೆದ ‘ಮೌಂಟ್ ವಾಷಿಂಗ್ಟನ್’ ಉಗಿಹಡಗು 1939ರ ಡಿಸೆಂಬರಿನಲ್ಲಿ ವೀರ್ಸ್ ಎಂಬಲ್ಲಿ ತಂಗಿದ್ದಾಗ, ಪಕ್ಕದ ರೈಲು ನಿಲ್ದಾಣದಲ್ಲಿ ಎದ್ದ ಬೆಂಕಿ ಹಬ್ಬಿ ಸುಟ್ಟುಹೋಯಿತು. ಊರಿನವರು ಎದೆಗುಂದದೆ ಷಾಂಪ್ಲೇನ್ ಸರೋವರದಿಂದ ಹಳೆಯ ಹಡಗೊಂದರ ಒಡಲನ್ನು ತುಂಡುಗಳಾಗಿ ಕತ್ತರಿಸಿ ರೈಲಿನಲ್ಲಿ ತರಿಸಿ, ಮತ್ತೆ ಬೆಸೆದು, 1940ರಲ್ಲಿ ನೀರಿಗಿಳಿಸಿದರು. ಅದೇ ಹೆಸರಿನ ಆ ಹಡಗು ಇಂದಿಗೂ ಓಡುತ್ತಿದೆ.

ಮದರಾಸಿಗೆ ಬಂದ ಮಂಜು

ಈ ಭಾಗದ ಮಂಜುಗಡ್ಡೆಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ನೆರೆಯ ಮ್ಯಾಸಚುಸೆಟ್ಸ್ ಸಂಸ್ಥಾನದ ಕೊಳಗಳಿಂದ ಕೊಯ್ದ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿ, ನಾಲ್ಕು ತಿಂಗಳ ಸಮುದ್ರಯಾನದ ಬಳಿಕ, 1833ರಲ್ಲಿ ಕಲ್ಕತ್ತೆಗೆ ಮುಟ್ಟಿಸಿದನು. ಮುಂದೆ ಮದರಾಸಿನ ಕಡಲ ತೀರದಲ್ಲಿ ಮಂಜಿನ ಉಗ್ರಾಣವೇ ಎದ್ದಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ‘ಐಸ್ ಹೌಸ್’ ಅದೇ. ಅದೇ 1897ರಿಂದ ಇಂದಿನವರೆಗೂ, ವಿನ್ನಿಪೆಸಾಕಿಯ ಮಗ್ಗುಲಿನ ಸ್ಕ್ವಾಮ್ ಸರೋವರದ ಬೇಸಿಗೆ ಶಿಬಿರವೊಂದರವರು ಚಳಿಗಾಲದಲ್ಲಿ ಮಂಜು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಬೇಸಿಗೆಯ ಅತಿಥಿಗಳ ಪೆಟ್ಟಿಗೆಗಳಿಗೆ ಒದಗಿಸುತ್ತ ಬಂದಿದ್ದಾರೆ.

ಆದರೆ ಮಂಜಿನ ಕಾಲ ಕುಗ್ಗುತ್ತಿದೆ. ‘ಮೌಂಟ್ ವಾಷಿಂಗ್ಟನ್’ ಹಡಗು ತನ್ನ ಐದು ಬಂದರುಗಳನ್ನೂ ಮುಟ್ಟುವಷ್ಟು ನೀರು ತೆರವಾದ ದಿನವನ್ನು ‘ಮಂಜು ಹೋದ ದಿನ’ ಎಂದು ಸಾರುತ್ತಾರೆ. ಈ ದಿನಗಳ ದಾಖಲೆ 1887ರಿಂದಲೂ ಇದೆ. 1888ರಲ್ಲಿ ಮಂಜು ಮೇ 12ರವರೆಗೆ ನಿಂತಿತ್ತು. 2016ರಲ್ಲಿ ಮಾರ್ಚ್ 18ಕ್ಕೆ, 2024ರಲ್ಲಿ ಮಾರ್ಚ್ 17ಕ್ಕೇ ಹೋಯಿತು. ಆಲ್ಟನ್ ಕೊಲ್ಲಿಯಲ್ಲಿ ವಿಮಾನಗಳು ಇಳಿಯುವ ಮಂಜಿನ ಹಾಸೊಂದನ್ನು ಸಿದ್ಧಪಡಿಸುವುದು ರೂಢಿ. ಅದಕ್ಕೆ 12 ಅಂಗುಲ ದಪ್ಪ ಬೇಕು. 2024ರಲ್ಲಿ ಅಷ್ಟು ಮಂಜು ಕಟ್ಟಲೇ ಇಲ್ಲ. ಚಳಿ ಕಡಿಮೆಯಾದರೆ ಕಟ್ಟೆಗೆ ಒಳಿತಲ್ಲವೇ ಎಂದು ಕೇಳಬಹುದು. ಒಮ್ಮೆ ಕಟ್ಟಿ, ಒಮ್ಮೆ ಕರಗಿ, ಗಾಳಿಗೆ ಸಿಕ್ಕು ಅಲೆದಾಡುವ ಮಂಜು ಸ್ಥಿರವಾಗಿ ನಿಂತ ಮಂಜಿಗಿಂತ ಕಟ್ಟೆಗೂ ಕೇಡು, ಕಾಲಿಟ್ಟವನಿಗೂ ಕೇಡು. ಹಿಂದಿನವರು ತಿಂಗಳನ್ನು ನೋಡಿ ಮಂಜನ್ನು ನಂಬುತ್ತಿದ್ದರು. ಇಂದಿನವರು ಕೊರೆದು ಅಳೆದು ನೋಡಿದ ಹೊರತು ನಂಬುವಂತಿಲ್ಲ.

ನವೆಂಬರಿನ ಒಂದು ಸಂಜೆ ಕೊನೆಯ ಚೌಕಟ್ಟೂ ದಡ ಸೇರುತ್ತದೆ. ಮನೆಯ ಕೊಳವೆಗಳ ನೀರು ಬಸಿದು, ಕಿಟಕಿಗಳನ್ನು ಮುಚ್ಚಿ, ಕುಟುಂಬ ನಗರದ ಹಾದಿ ಹಿಡಿಯುತ್ತದೆ. ಕಾರು ಹತ್ತುವ ಮುನ್ನ ಹಿರಿಯರು ಒಮ್ಮೆ ನೀರಿನ ಕಡೆ ತಿರುಗಿ ನೋಡುವುದುಂಟು. ಕಟ್ಟೆಯಿಲ್ಲದ ದಡ ಅಪರಿಚಿತವಾಗಿ ಕಾಣುತ್ತದೆ.

ಮಂಜು ಹೋದ ಕೆಲವೇ ದಿನಗಳಲ್ಲಿ, ಚಳಿಗಾಲವನ್ನು ಕಡಲಿನಲ್ಲಿ ಕಳೆದ ಲೂನ್ ಹಕ್ಕಿಗಳು ಸರೋವರಕ್ಕೆ ಮರಳುತ್ತವೆ. ಅವುಗಳ ನೀಳವಾದ ಕೂಗು ಕೇಳಿದ ಮೇಲೆ ದಡದ ಮನೆಗಳ ಕದಗಳೂ ಒಂದೊಂದಾಗಿ ತೆರೆಯುತ್ತವೆ. ಆಗ ಎಲ್ಲರೂ ಮೊದಲು ಹುಡುಕುವುದು ಆ ಹಳೆಯ ಕಾಫಿ ಡಬ್ಬಿಯನ್ನು.