‘ಶ್ಶೂ’ ಎನ್ನುವ ಸುಖ

ನಾಲಗೆಯ ಚಪಲ, ಕಣ್ಣಿನ ಚಪಲ ಎಲ್ಲರಿಗೂ ಗೊತ್ತು. ಟರ್ಬೋ ಕಾರಿನ ಚಪಲ ಮಾತ್ರ ಕಿವಿಯದು. ಆಕ್ಸಿಲರೇಟರ್ ತುಳಿದಾಗ ಬಾನೆಟ್ಟಿನೊಳಗೆ ಸಣ್ಣಗೆ ಏಳುವ ಸಿಳ್ಳೆ, ಕಾಲು ತೆಗೆದ ಕೂಡಲೇ ‘ಶ್ಶೂ’ ಎಂದು ಹೊರಬೀಳುವ ನಿಟ್ಟುಸಿರು. ಇಷ್ಟಕ್ಕೇ ಮರುಳಾಗಿ ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನೇ ಬದಲಿಸುವವರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಸಂಜೆಯ ಹೊತ್ತು ಹೋಪ್ ಫಾರ್ಮ್ ಸರ್ಕಲ್ಲಿನಲ್ಲಿ ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹೋಗಲೂ ಪುಣ್ಯ ಮಾಡಿರಬೇಕು. ಅಂಥ ಕಡೆ ಮನೆ ಮಾಡಿಕೊಂಡು, ಕಾರಿಗೆ ಇನ್ನು ಐದು ಕುದುರೆ ಸೇರುತ್ತವೆಯೋ ಏಳು ಸೇರುತ್ತವೆಯೋ ಎಂದು ನಡುರಾತ್ರಿಯವರೆಗೆ ವಾದ ಮಾಡುತ್ತಾರೆ. ನಾನೂ ಆ ಪಂಗಡದವನೇ.

ಹಾಟ್ ಹ್ಯಾಚ್ ಎಂದರೆ ನೋಡಲು ತರಕಾರಿ ತರುವ ಕಾರು, ತುಳಿದರೆ ಬೇರೆಯೇ ಕಥೆ. ಅದರ ಅಪ್ಪಟ ತಳಿ ನಮ್ಮ ದೇಶಕ್ಕೆ ಬಂದದ್ದೇ ಕಡಿಮೆ. 2016ರಲ್ಲಿ ಬಂದ ಪೋಲೊ ಜಿಟಿಐಗೆ 192 ಅಶ್ವಶಕ್ತಿ ಇತ್ತು, ಆದರೆ ಮೂರೇ ಬಾಗಿಲು, ಬೆಲೆ 25 ಲಕ್ಷದ ಮೇಲೆ. 2025ರಲ್ಲಿ ಕಾಲಿಟ್ಟ ಗಾಲ್ಫ್ ಜಿಟಿಐಗೆ 265 ಅಶ್ವಶಕ್ತಿ, ಬೆಲೆ 50 ಲಕ್ಷ ದಾಟಿತ್ತು. ಇಎಂಐ ಕಟ್ಟುವ ನಮ್ಮಂಥವರು ತೃಪ್ತಿಪಟ್ಟುಕೊಂಡದ್ದು ಚಿಕ್ಕ ಟರ್ಬೋಗಳಲ್ಲಿ: 2013ರ ಪೋಲೊ ಜಿಟಿ ಟಿಎಸ್‌ಐ, 2015ರ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2017ರ ಬಲೆನೊ ಆರ್‌ಎಸ್, 2018ರಲ್ಲಿ ಕೊಯಮತ್ತೂರಿನ ಜಯೆಮ್ ಜೊತೆಗೂಡಿ ಟಾಟಾ ತಂದ ಟಿಯಾಗೊ ಜೆಟಿಪಿ, 2021ರ ಐ20 ಎನ್ ಲೈನ್. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಪಾಲಿಗೆ ನಿಂತಿರುವುದು ಒಂದು ಲೀಟರಿನ ಪೋಲೊ ಟಿಎಸ್‌ಐ. ಮೂರು ಸಿಲಿಂಡರು, 110 ಅಶ್ವಶಕ್ತಿ, ಆರು ಗೇರು. 2022ರಲ್ಲಿ ಕಂಪನಿ ಇಲ್ಲಿ ಪೋಲೊ ಮಾಡುವುದನ್ನೇ ನಿಲ್ಲಿಸಿತು. ಹೊಸದು ಸಿಗುವುದಿಲ್ಲ ಎಂದಮೇಲೆ ಇದ್ದವರಿಗೆ ಇದ್ದದ್ದರ ಮೇಲೆ ಮೋಹ ಇಮ್ಮಡಿಯಾಯಿತು. ಆ ಮೋಹಕ್ಕೆ ಮೊದಲು ಸಿಕ್ಕುವುದೇ ಏರ್ ಇಂಟೇಕ್. ಎಂಜಿನ್ ಬಿಚ್ಚಬೇಕಿಲ್ಲ, ನಾಲ್ಕು ಸ್ಕ್ರೂ, ಎರಡು ಕ್ಲಿಪ್ಪು, ಭಾನುವಾರದ ಒಂದು ಬೆಳಗ್ಗೆ ಸಾಕು.

ಕಾರು ಪೆಟ್ರೋಲ್ ಎಷ್ಟು ಕುಡಿಯಿತು ಎಂದು ಎಲ್ಲರೂ ಲೆಕ್ಕ ಇಡುತ್ತಾರೆ, ಗಾಳಿಯ ಲೆಕ್ಕ ಕೇಳುವವರಿಲ್ಲ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಪೂರ್ತಿ ತುಳಿದಾಗ ನನ್ನ ಪುಟ್ಟ ಎಂಜಿನ್ ಸೆಕೆಂಡಿಗೆ ಸುಮಾರು 75 ಲೀಟರ್ ಗಾಳಿ ಎಳೆಯುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿ ಆರೇಳು ನಿಮಿಷದಲ್ಲಿ ಖಾಲಿ. ಅದರ ಮೇಲೆ ನಮ್ಮ ಊರಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ನೂರಕ್ಕೆ ಹತ್ತರಷ್ಟು ತೆಳು. ಟರ್ಬೋ ಇಲ್ಲದ ಕಾರು ಶಿರಾಡಿ ಘಾಟಿ ಹತ್ತಿ ಬೆಂಗಳೂರು ತಲುಪುವಷ್ಟರಲ್ಲಿ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಕರಾವಳಿಯಲ್ಲೇ ಬಿಟ್ಟು ಬಂದಿರುತ್ತದೆ. ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುವ ಟರ್ಬೋ ಹಾಗೆ ಬಿಡುವುದಿಲ್ಲ. ಮುಷ್ಟಿಯಲ್ಲಿ ಹಿಡಿಸುವ ಅದರ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವಂಥದು. ಗಾಳಿ ತೆಳುವಾದರೆ ಇನ್ನೊಂದಿಷ್ಟು ಜೋರಾಗಿ ತಿರುಗಿ ಕೊರತೆಯನ್ನು ತುಂಬಿಕೊಳ್ಳುತ್ತದೆ.

ಈ ಒಂದು ಗುಣದಿಂದಲೇ ಇಂಟೇಕ್ ಮಾರುವವರ ಅರ್ಧ ಮಾತು ಬಿದ್ದುಹೋಗುತ್ತದೆ. ಟರ್ಬೋ ಎಷ್ಟು ಒತ್ತಡ ಕಟ್ಟಬೇಕು ಎಂದು ತೀರ್ಮಾನಿಸುವುದು ಫಿಲ್ಟರ್ ಅಲ್ಲ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು. ಅದು ಹೇಳಿದ ಒತ್ತಡ ಬಂದಮೇಲೆ, ಟರ್ಬೋ ತಿರುಗಿಸುವ ಹೊಗೆಯಲ್ಲಿ ಉಳಿದದ್ದನ್ನು ವೇಸ್ಟ್‌ಗೇಟ್ ಎಂಬ ಕವಾಟ ಪಕ್ಕಕ್ಕೆ ಬಿಡುತ್ತದೆ. ಗಾಳಿಯ ದಾರಿ ಸಲೀಸಾದರೆ ಟರ್ಬೋಗೆ ಶ್ರಮ ಕೊಂಚ ಇಳಿಯುತ್ತದೆ, ಒತ್ತಡ ಕೂದಲೆಳೆಯಷ್ಟು ಬೇಗ ಕಟ್ಟುತ್ತದೆ, ಅಷ್ಟೇ. ಇಸಿಯುವನ್ನು ರಿಮ್ಯಾಪ್ ಮಾಡಿಸಿ ಒತ್ತಡದ ಗುರಿಯನ್ನೇ ಮೇಲಕ್ಕೇರಿಸಿದವರಿಗೆ ಇಂಟೇಕಿನ ಮಾತು ಅನ್ವಯಿಸುತ್ತದೆ. ಶೋರೂಮಿನಿಂದ ಬಂದ ಹಾಗೇ ಇರುವ ಕಾರಿಗೆ ಅದು ಬಹುಪಾಲು ಅಲಂಕಾರ.

ಇನ್ನು ಕಂಪನಿಯವರೇ ಕೊಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ಬೈಯುವುದು ನಮ್ಮ ಪಂಗಡದ ವಾಡಿಕೆ. ಅದನ್ನು ಬಿಚ್ಚಿ ನೋಡಿದರೆ ಬೈಯಲು ಮನಸ್ಸು ಬರುವುದಿಲ್ಲ. ಡಬ್ಬಿಯ ಬಾಯಿ ಗ್ರಿಲ್ಲಿನ ಹಿಂದಕ್ಕೆ ತೆರೆದಿರುತ್ತದೆ, ಎದುರಿನ ತಣ್ಣನೆಯ ಗಾಳಿ ನೇರ ಒಳಗೆ. ಒಳಗೆ ನೆರಿಗೆ ನೆರಿಗೆಯಾಗಿ ಮಡಚಿಟ್ಟ ಕಾಗದ. ನೆರಿಗೆ ಬಿಡಿಸಿ ಹಾಸಿದರೆ ಡಬ್ಬಿಯ ಹಲವು ಪಟ್ಟು ಜಾಗ ಬೇಡುತ್ತದೆ. ಬೇಸಿಗೆಯ ಕೊನೆಯಲ್ಲಿ ಫಿಲ್ಟರನ್ನು ಹೊರತೆಗೆದು ಹಳೆಯ ಪ್ರಜಾವಾಣಿಯ ಮೇಲೆ ತಟ್ಟುವುದು ನನಗೆ ಪ್ರಿಯವಾದ ಕೆಲಸ. ಮೊದಲು ಬೀಳುವುದು ಒಣಗಿದ ಹೊಂಗೆ ಹೂವು. ಆಮೇಲೆ ಬಣ್ಣ ಕಳೆದುಕೊಂಡ ತಬೂಬಿಯಾ ಎಸಳು, ರೆಕ್ಕೆ ಮುರಿದ ಚಿಟ್ಟೆ, ಒಂದೆರಡು ಗೊದ್ದ. ಕೊನೆಗೆ ದೂಳು. ಮೇಲಿನ ಪದರ ಕೆಮ್ಮಣ್ಣು, ಕೆಳಗೆ ಬೂದು ಬಣ್ಣದ ನಯವಾದ ಸಿಮೆಂಟಿನ ಪುಡಿ. ವರ್ತೂರಿನ ಕಡೆ ಎದ್ದ ಟವರುಗಳ, ಮತ್ತೆ ಮತ್ತೆ ಅಗೆದ ರಸ್ತೆಗಳ ಚರಿತ್ರೆಯೆಲ್ಲ ಆ ನೆರಿಗೆಗಳಲ್ಲಿದೆ. ಪೀಣ್ಯದಲ್ಲಿ ಕೆಲಸ ಮಾಡುವ ಗೆಳೆಯನ ಕಾರಿನ ಫಿಲ್ಟರ್ ತಟ್ಟಿದರೆ ಬೀಳುವ ಪುಡಿ ಇನ್ನೂ ಕಪ್ಪು. ಇಷ್ಟೆಲ್ಲ ಹೊರಬದಿಯಲ್ಲಿ. ಎಂಜಿನ್ ಕಡೆಯ ಮಗ್ಗುಲಲ್ಲಿ ಬೆರಳಾಡಿಸಿದರೆ ಬೆರಳು ಶುಭ್ರ.

ಈ ಕಾಗದಕ್ಕೆ ಎದುರಾಳಿಗಳು ಮೂರು ಬಗೆ. ಮೊದಲನೆಯದು ಡ್ರಾಪ್-ಇನ್. ಡಬ್ಬಿ ಹಳೆಯದೇ, ಒಳಗಿನ ಕಾಗದದ ಜಾಗಕ್ಕೆ ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್. ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ಇದನ್ನು ಹೆಸರುವಾಸಿ ಮಾಡಿದ ಕೆ ಅಂಡ್ ಎನ್ ಮೂಲತಃ ಮೋಟರ್‌ಸೈಕಲ್ ವ್ಯಾಪಾರಿಗಳದು. ಇಟಲಿಯ ಬಿಎಂಸಿಯದೂ ಹತ್ತಿ, ಇಂಗ್ಲೆಂಡಿನ ಪೈಪರ್‌ಕ್ರಾಸ್‌ನದು ಫೋಮು. ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಾಕಿ ಕಾರು ಇರುವಷ್ಟು ಕಾಲ ಬಳಸಬಹುದು ಎಂಬುದು ಆಕರ್ಷಣೆ. ಎಣ್ಣೆ ಜಾಸ್ತಿಯಾದರೆ ಮಾತ್ರ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಆ ಎಣ್ಣೆ ಅದರ ಸೂಕ್ಷ್ಮ ತಂತಿಗೆ ಅಂಟುತ್ತದೆ, ಕಾರು ಮುಗ್ಗರಿಸುತ್ತದೆ.

ಎರಡನೆಯದು ಓಪನ್ ಕೋನ್. ಡಬ್ಬಿಯನ್ನೇ ಕಿತ್ತು, ಕೊಳವೆಯ ತುದಿಗೆ ಶಂಕುವಿನಾಕಾರದ ಫಿಲ್ಟರ್ ಸಿಕ್ಕಿಸುವುದು. ಬಾನೆಟ್ ಎತ್ತಿದರೆ ಕೆಂಪಗೆ ಮಿಂಚುತ್ತದೆ, ಸದ್ದೂ ಇದರದೇ ಜೋರು. ಆದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಬಾನೆಟ್ಟಿನೊಳಗಿನ ಗಾಳಿ ಹೊರಗಿನದಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಬಿಸಿಯಾಗುವುದು ಕಷ್ಟವೇನಲ್ಲ. ಹೊರಗೆ 30 ಡಿಗ್ರಿ, ಒಳಗೆ 60 ಎಂದರೆ ಅದೇ ಗಾಳಿ ನೂರಕ್ಕೆ ಒಂಬತ್ತರಷ್ಟು ತೆಳುವಾಯಿತು. ತಣ್ಣನೆ ಗಾಳಿಯ ದಾರಿ ಮುಚ್ಚಿ ಕೋನ್ ಹಾಕಿಸುವುದು ಉರಿಯುವ ಒಲೆಯ ಮುಂದೆ ಕೂತು ಬೀಸಣಿಗೆ ಬೀಸಿಕೊಂಡ ಹಾಗೆ. ಟರ್ಬೋದಿಂದ ಬಂದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಇದೆಯಲ್ಲ ಎನ್ನಬಹುದು. ಇದೆ, ಒಂದಿಷ್ಟು ಶಾಖ ಇಳಿಸುತ್ತದೆ. ಆದರೆ ಅದಕ್ಕೂ ಮಿತಿ ಇದೆ.

ಮೂರನೆಯದು ಮುಚ್ಚಿದ ಡಬ್ಬಿಯೊಳಗಿನ ಕೋನ್. ಸದ್ದೂ ಬೇಕು, ತಣ್ಣನೆ ಗಾಳಿಯೂ ಬೇಕು ಎನ್ನುವವರಿಗೆ. ಕಾರ್ಬನ್ ಫೈಬರಿನದು ಆಮದಾಗಿ ಬಂದರೆ ಬೆಲೆ ಕೇಳಿ ಸುಮ್ಮನಾಗಬೇಕು. ನಮ್ಮ ಎರಡನೇ ಮಹಡಿಯ ಹುಡುಗ ಸುಮ್ಮನಾಗುವವನಲ್ಲ. ಲ್ಯಾಪ್‌ಟಾಪಿನಲ್ಲಿ ತಾನೇ ಡ್ರಾಯಿಂಗ್ ಮಾಡಿಕೊಂಡು ಪೀಣ್ಯ ಎರಡನೇ ಹಂತದ ಶೆಡ್ಡೊಂದಕ್ಕೆ ಹೋದ, ಜೊತೆಗೆ ನಾನು. ಪೀಣ್ಯದಲ್ಲಿ ಆಗದ ಕೆಲಸ ಎಂದರೆ ಯಾರೂ ಕೇಳದ ಕೆಲಸ ಎಂದೇ ಅರ್ಥ. ಲೇಸರ್ ಕಟಿಂಗ್ ಒಂದು ಶೆಡ್ಡಿನಲ್ಲಿ, ಬೆಂಡಿಂಗ್ ಎದುರಿನದರಲ್ಲಿ, ಟಿಗ್ ವೆಲ್ಡಿಂಗ್ ಮೂರು ಬಾಗಿಲು ಆಚೆ, ಪೌಡರ್ ಕೋಟಿಂಗ್ ಹಿಂದಿನ ಬೀದಿಯಲ್ಲಿ. ಮೇಸ್ತ್ರಿ ಡ್ರಾಯಿಂಗನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಏನ್ ಸಾರ್ ಇದು, ಗಾಳಿಗೆ ಡಬ್ಬಾನಾ?”

“ಹೂಂ ಅಣ್ಣ, ಕಾರಿಗೆ. ಅಲ್ಯುಮಿನಿಯಮ್ಮು, ಎರಡು ಎಂಎಂ.”

“ಮಾಡಿಕೊಡೋಣ. ಆದ್ರೆ ಎಂಜಿನ್ ಪಕ್ಕ ಇಡೋದು ಅಂತೀರಾ, ಅಲ್ಯುಮಿನಿಯಮ್ಮು ಕಾಯಲ್ವಾ? ಮೊದ್ಲು ಇದ್ದಿದ್ದು ಪ್ಲಾಸ್ಟಿಕ್ಕು ತಾನೆ, ಅದೇ ಚೆನ್ನಾಗಿತ್ತಲ್ಲ.”

ಹುಡುಗ ಒಳಬದಿಗೆ ಶಾಖ ತಡೆಯುವ ಹಾಳೆ ಅಂಟಿಸುವುದಾಗಿ ವಿವರಿಸಿದ. ಮೇಸ್ತ್ರಿ ತಲೆಯಾಡಿಸಿ ಅಳತೆ ಬರೆದುಕೊಂಡರು. ವೈಟ್‌ಫೀಲ್ಡಿನಲ್ಲಿ ಮರ್ಸಿಡೀಸ್ ಬೆಂಜ್ ತನ್ನ ದೊಡ್ಡ ಸಂಶೋಧನಾ ಕೇಂದ್ರ ಇಟ್ಟುಕೊಂಡಿದೆ. ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವ ಎಂಜಿನಿಯರುಗಳಿಗೆ ಈ ಭಾಗದಲ್ಲಿ ಬರವಿಲ್ಲ. ಇಂಟೇಕಿನ ಬಗ್ಗೆ ನಾನು ಕೇಳಿದ ಚುಟುಕಾದ, ಸರಿಯಾದ ವಿಮರ್ಶೆ ಮಾತ್ರ ಆ ಶೆಡ್ಡಿನದು.

ಹಾಗಾದರೆ ಶಕ್ತಿ ಅಳೆಯುವ ಡೈನೊ ಮೇಲೆ ಹತ್ತಿಸಿದಾಗ ಬರುವ ಹೆಚ್ಚಳ ಸುಳ್ಳೇ? ಸುಳ್ಳಲ್ಲ, ಅರೆಸತ್ಯ. ಡೈನೊದಲ್ಲಿ ಕಾರು ರೋಲರುಗಳ ಮೇಲೆ ನಿಂತಲ್ಲೇ ಓಡುತ್ತದೆ. ಬಾನೆಟ್ ತೆರೆದಿರುತ್ತದೆ, ಎದುರಿಗೆ ಆಳೆತ್ತರದ ಫ್ಯಾನು. ಓಪನ್ ಕೋನಿಗೆ ಇದಕ್ಕಿಂತ ಸುಖದ ಜಾಗ ಇನ್ನೊಂದಿಲ್ಲ. ಮಾರತ್ತಹಳ್ಳಿ ಸೇತುವೆಯ ಮೇಲೆ ಬಾನೆಟ್ ತೆರೆದುಕೊಂಡು ಯಾರೂ ಹೋಗುವುದಿಲ್ಲ. ಅಲ್ಲದೆ ಒಂದೇ ಕಾರನ್ನು, ಏನೂ ಬದಲಿಸದೆ, ಬೆನ್ನುಬೆನ್ನಿಗೆ ಓಡಿಸಿದರೂ ಒಂದೆರಡು ಅಶ್ವಶಕ್ತಿ ಹಿಂದುಮುಂದಾಗುತ್ತದೆ. ಫೋನಿನ ಆ್ಯಪಿನಲ್ಲಿ ಗಾಳಿಯ ಉಷ್ಣತೆ ನೋಡಿ ಬೀಗುವವರಿಗೂ ಒಂದು ಮಾತು: ನಮ್ಮ ಟಿಎಸ್‌ಐನಂಥ ಕಾರಿನಲ್ಲಿ ಆ ಸೆನ್ಸರ್ ಇರುವುದು ಇಂಟರ್‌ಕೂಲರ್ ದಾಟಿದ ಮೇಲೆ. ಫಿಲ್ಟರಿನ ಬಾಯಲ್ಲಿ ಏನು ನಡೆಯುತ್ತಿದೆ ಎಂಬುದು ಅದಕ್ಕೆ ತಿಳಿಯದು.

ದೂಳಿನ ವಿಷಯಕ್ಕೆ ಬಂದರೆ ಕಾಗದದ ಮುಂದೆ ಉಳಿದವು ತಲೆ ತಗ್ಗಿಸಬೇಕು. ಫಿಲ್ಟರುಗಳ ಪರೀಕ್ಷೆಗೆ ಐಎಸ್‌ಒ 5011 ಎಂಬ ಮಾನದಂಡವಿದೆ. ಅಳೆದು ತೂಗಿದ ದೂಳನ್ನು ಗಾಳಿಯೊಂದಿಗೆ ಬಿಟ್ಟು, ಎಷ್ಟು ತಡೆಯಿತು, ಎಷ್ಟು ನುಸುಳಿತು ಎಂದು ತೂಗುತ್ತಾರೆ. ಆ ದೂಳಿಗೆ ಬಹುಕಾಲದಿಂದ ಇರುವ ಹೆಸರು ‘ಅರಿಜೋನಾ ದೂಳು’. ಅಷ್ಟು ದೂರದ ಮರುಭೂಮಿಯ ಹೆಸರು ಯಾಕೆ ಬೇಕಿತ್ತೋ, ಕಾಡುಗೋಡಿಯಿಂದ ಒಂದು ಲಾರಿ ಕಳಿಸಬಹುದಿತ್ತು. ಒಳ್ಳೆಯ ಕಾಗದ ನೂರರಲ್ಲಿ 99 ಪಾಲಿಗಿಂತ ಹೆಚ್ಚು ತಡೆಯುತ್ತದೆ. ಎಣ್ಣೆಬಟ್ಟೆಯ ಫಿಲ್ಟರ್ ಗಾಳಿಯನ್ನು ಸಲೀಸಾಗಿ ಬಿಡುವುದೇ ನೇಯ್ಗೆ ಸಡಿಲವಾಗಿರುವುದರಿಂದ, ಹಾಗಾಗಿ ಸಾಮಾನ್ಯವಾಗಿ ಇದರಲ್ಲಿ ಒಂದು ಹೆಜ್ಜೆ ಹಿಂದೆ. ಕಾಗದ 99 ತಡೆದು ಬಟ್ಟೆ 97 ತಡೆದರೆ ವ್ಯತ್ಯಾಸ ಎರಡೇ ಎನಿಸುತ್ತದೆ. ಎಂಜಿನ್ ಕಡೆಯಿಂದ ನೋಡಿದರೆ ಒಂದು ಗ್ರಾಂ ಬರುವಲ್ಲಿ ಮೂರು ಗ್ರಾಂ ಬಂತು. ಅದು ಮೊದಲು ತಾಗುವುದು ಲಕ್ಷ ಸುತ್ತು ತಿರುಗುತ್ತಿರುವ ಟರ್ಬೋ ರೆಕ್ಕೆಗೆ, ಆಮೇಲೆ ಸಿಲಿಂಡರಿನ ಗೋಡೆಗೆ.

ಇಷ್ಟೆಲ್ಲ ತಿಳಿದಮೇಲೂ ಜನ ಯಾಕೆ ಹಾಕಿಸುತ್ತಾರೆ? ಬೆಳಗ್ಗೆ ಆರಕ್ಕೆ ಮುಂಚೆ ಕುಂದಲಹಳ್ಳಿಯ ಅಂಡರ್‌ಪಾಸಿಗೆ ಬಂದು ಕೇಳಬೇಕು. ಹಿಂದೆ ಮುಂದೆ ಯಾರೂ ಇಲ್ಲ. ಕಿಟಕಿ ಇಳಿಸಿ, ಎರಡನೇ ಗೇರಿನಲ್ಲಿ ಇಳಿದು, ಏರುವಾಗ ತುಳಿಯಬೇಕು. ಮೊದಲು ಮೂರು ಸಿಲಿಂಡರಿನ ಗುರುಗುರು. ಅದರ ಮೇಲೆ ಗಾಳಿ ನುಗ್ಗುವ ಹೂಂಕಾರ, ಅದರೊಳಗಿನಿಂದ ಎಳೆಯಾಗಿ ಏಳುವ ಸಿಳ್ಳೆ. ಎರಡೂ ಬದಿಯ ಕಾಂಕ್ರೀಟ್ ಗೋಡೆ ಅದನ್ನು ಹಿಡಿದು ಹಿಂತಿರುಗಿಸುತ್ತದೆ. ಮೇಲೆ ಬಂದು ಕಾಲು ತೆಗೆದರೆ, ಒತ್ತಡಕ್ಕೆ ಹೋಗಲು ಬೇರೆ ದಾರಿ ತೆರೆದು, ‘ಶ್ಶೂ’. ಕಂಪನಿಯ ಡಬ್ಬಿಯೊಳಗೆ ಈ ಸದ್ದುಗಳನ್ನೆಲ್ಲ ನುಂಗಲೆಂದೇ ಖಾಲಿ ಕೋಣೆಗಳನ್ನೂ ತಿರುವುಗಳನ್ನೂ ಮಾಡಿರುತ್ತಾರೆ. ಇಂಟೇಕ್ ಕೊಳ್ಳುವವರು ಕೊಳ್ಳುವುದು ಆ ಬಾಯಿಕಟ್ಟನ್ನು ಬಿಚ್ಚುವುದಕ್ಕೆ. ಸದ್ದು ಹೆಚ್ಚಿದಾಗ ವೇಗವೂ ಹೆಚ್ಚಿತೆಂದು ಮನಸ್ಸು ತಾನೇ ಲೆಕ್ಕ ಬರೆದುಕೊಳ್ಳುತ್ತದೆ. ಪೀಣ್ಯದ ಡಬ್ಬಿ ಹಾಕಿಕೊಂಡ ಆ ಎರಡನೇ ಮಹಡಿಯ ಹುಡುಗನ ಕಾರಿನಲ್ಲಿ ಹೊಸಕೋಟೆ ದಾಟಿ ಕೋಲಾರದ ದಾರಿಯಲ್ಲಿ ಹೋಗಿ ಬಂದಾಗ ನನಗೂ ಹಾಗೇ ಅನ್ನಿಸಿತು. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಮಾತ್ರ, “ರೀ, ಟೈರ್ ಪಂಕ್ಚರ್ ಆಗಿರಬೇಕು, ನೋಡ್ರಿ” ಎಂದಳು.

ಕೇಳಿದವರಿಗೆ ನಾನು ಹೇಳುವುದಿಷ್ಟು. ದಿನವೂ ವೈಟ್‌ಫೀಲ್ಡ್, ಬೊಮ್ಮಸಂದ್ರ, ಪೀಣ್ಯದ ದೂಳಿನಲ್ಲಿ ಓಡುವ ಕಾರಾದರೆ ಕಾಗದದ ಫಿಲ್ಟರೇ ಇರಲಿ, ಕೈಪಿಡಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಿ. ಅದಕ್ಕಾಗಿ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ. ಫಿಲ್ಟರಿಗೆ ಹೆಸರಾದ ಜರ್ಮನಿಯ ಮಾನ್ ಅಂಡ್ ಹಮ್ಮೆಲ್‌ನ ಕಾರ್ಖಾನೆ ನಮ್ಮ ತುಮಕೂರಿನಲ್ಲೇ ಇದೆ. ರಿಮ್ಯಾಪ್ ಮಾಡಿಸಿದ್ದರೆ, ಅಥವಾ ಆ ಸದ್ದಿಲ್ಲದೆ ಇರಲಾರೆ ಎಂದಾದರೆ, ಮುಚ್ಚಿದ ಡಬ್ಬಿಯದನ್ನು ಹಾಕಿಸಿ. ವಾರಂಟಿ ಏನಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ, ಹಳೆಯ ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಬರೀ ಕೋನ್ ಈ ಊರಿನ ಶಾಖಕ್ಕೂ ದೂಳಿಗೂ ಹೇಳಿಸಿದ್ದಲ್ಲ. ಮತ್ತೆ, ಮನೆಯಲ್ಲಿ ಬಿಲ್ಲು ತೋರಿಸುವಾಗ ಕುದುರೆಗಳ ಲೆಕ್ಕ ಹೇಳಲು ಹೋಗಬೇಡಿ. ಸದ್ದಿಗಾಗಿ ಕೊಟ್ಟೆ ಎಂದು ನೇರವಾಗಿ ಹೇಳಿಬಿಡಿ. ಬೈಗುಳ ಹೇಗೂ ತಪ್ಪದು, ಸುಳ್ಳಾದರೂ ತಪ್ಪುತ್ತದೆ.