ಮೂರನೆಯವನ ಲೆಕ್ಕ

1992ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೊದಲ್ಗೊಂಡ ವಿಶ್ವ ಅರ್ಧ ಮ್ಯಾರಥಾನ್ ಸ್ಪರ್ಧೆಯಲ್ಲಿ ಓಟ ಒಂದೇ, ಫಲ ಎರಡು. ಮೊದಲು ಗುರಿ ಮುಟ್ಟಿದವನಿಗೆ ವೈಯಕ್ತಿಕ ಪದಕ. ಪ್ರತಿ ದೇಶದ ಮೊದಲ ಮೂವರ ಕಾಲವನ್ನು ಕೂಡಿದಾಗ ಯಾವ ಮೊತ್ತ ಕಡಿಮೆಯೋ ಆ ತಂಡಕ್ಕೆ ಮತ್ತೊಂದು. ಈ ಎರಡನೆಯ ಲೆಕ್ಕದಲ್ಲಿ ವಿಜೇತನ ಕ್ಷಣಕ್ಕೂ ಮೂರನೆಯವನ ಕ್ಷಣಕ್ಕೂ ಬೆಲೆ ಸಮ. ವ್ಯಾಪಾರಿಗೆ ಇದು ಪರಿಚಿತ ನ್ಯಾಯ. ಕಿರ್ದಿಯಲ್ಲಿ ಯಾರ ರೂಪಾಯಿಯೂ ದೊಡ್ಡದಲ್ಲ.

2016ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಕೀನ್ಯದ ಜೆಫ್ರಿ ಕಾಮ್ವೊರೊರ್ ಆರಂಭದಲ್ಲಿಯೇ ಜಾರಿ ಬಿದ್ದರು. ಎದ್ದರು, ಓಡಿದರು, 59 ನಿಮಿಷ 10 ಸೆಕೆಂಡುಗಳಲ್ಲಿ ಗೆದ್ದರು. ಬಿದ್ದಾಗ ಕಳೆದ ಕ್ಷಣಗಳು ತಂಡದ ಖಾತೆಗೂ ಖರ್ಚು ಬಿದ್ದಿದ್ದವು. ಆದರೂ ಅಂದು ಕೀನ್ಯದ ತಂಡವೇ ಗೆದ್ದಿತು. ಆ ಬೀಳುವಿಕೆಯನ್ನು ಎಲ್ಲರೂ ನೆನೆಯುತ್ತಾರೆ, ಅದು ಸರಿಯೇ. ಮೊತ್ತದ ಮೂರನೆಯ ಸಾಲಿನ ಹೆಸರನ್ನು ಕೇಳಿ ತಿಳಿದವರು ವಿರಳ.