ಹೊಳೆಯಾಚೆಯವರು

ಸಿಂಗಟಾಲೂರಿನ ವೀರಭದ್ರೇಶ್ವರನ ಗುಡ್ಡದ ಬದಿಗೆ ತುಂಗಭದ್ರೆ ಹರಿಯುವಳು. 1947ರಲ್ಲಿ ಈಚೆಯ ದಂಡೆ ಮುಂಬಯಿ ಇಲಾಖೆಯದು, ಆಚೆಯದು ಮದ್ರಾಸಿನದು. ಮೂಡಲಿಗೆ ಕೆಲವು ಹರದಾರಿ ನಡೆದರೆ ನಿಜಾಮರ ಕೊಪ್ಪಳ. ಮೂರು ಸರಕಾರಗಳು, ಮಾತು ಮಾತ್ರ ಒಂದು. ರಜಾಕಾರರ ಹಾವಳಿಯ ಕಾಲದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವು ಮುಂಡರಗಿಯಲ್ಲಿಯೇ ಇತ್ತು. ಗಡಿ ದಾಟಿ ಬಂದವನಿಗೆ ಆಗ ಅವನ ಮಾತೇ ಗುರುತಿನ ಪತ್ರವಾಗಿತ್ತೆನ್ನಬೇಕು.

ಈಗ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಗೋವೆಗೋ ದುಡಿಯಲು ಹೋಗುವವರಿಗೆ ಅಷ್ಟು ಸಾಲದು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರ ಬೀಡೆಂದು ಕೂಲಿಕಾರರ ಗುಡಿಸಲುಗಳನ್ನು ಕೆಡವಿದರು. ಅಸ್ಸಾಮ, ತ್ರಿಪುರಗಳವರೊಡನೆ ಉತ್ತರ ಕರ್ನಾಟಕದ ಮಂದಿಯೂ ಅಲ್ಲಿದ್ದರು! ಉಚ್ಚ ನ್ಯಾಯಾಲಯವು ತಡೆಯುವಷ್ಟರಲ್ಲಿ ಎಷ್ಟೋ ಗುಡಿಸಲುಗಳು ನೆಲ ಕಚ್ಚಿದ್ದವು. ಪರದೇಶಿಯಲ್ಲವೆಂದು ಸಾಧಿಸುವ ಹೊಣೆಯನ್ನು 1946ರ ಕಾಯಿದೆಯು ಕೇಳಿಸಿಕೊಂಡವನ ಮೇಲೆಯೇ ಹೊರಿಸಿತ್ತು; 2025ರ ಹೊಸ ಕಾಯಿದೆಯೂ ಅದನ್ನು ಇಳಿಸಿಲ್ಲ. ಆಧಾರ ಕಾರ್ಡಂತೂ ಪೌರತ್ವದ ಪುರಾವೆಯಲ್ಲವೆಂದು ಅದರ ಕಾಯಿದೆಯೇ ಹೇಳುತ್ತದೆ. ಆದರೂ ಕೇಳುವವರು ಮೊದಲು ಕೇಳುವದು ಅದನ್ನೇ.

ಹೀಗಿರುವಾಗ ಸಂತೆಯಲ್ಲಿಯೋ ನಿಲ್ದಾಣದಲ್ಲಿಯೋ ಯಾರಾದರೂ ಅಡ್ಡಗಟ್ಟಿ "ಎಲ್ಲಿಯವನು?" ಎಂದರೆ ಹಳ್ಳಿಯ ಹುಡುಗನು ಮಾಡತಕ್ಕದ್ದೇನು? ಓಡಬಾರದು, ಓಟವೇ ಅಪರಾಧದ ಒಪ್ಪಿಗೆಯಂತೆ ಕಾಣುವದು. ಕೈ ಎತ್ತಬಾರದು. ಸಿಟ್ಟು ಬರುವದು ಸಹಜ, ಆದರೆ ಬೀದಿಯಲ್ಲಿ ನ್ಯಾಯ ತೀರುವದಿಲ್ಲ. ಜನರಿದ್ದ ಕಡೆಯಲ್ಲಿಯೇ ನಿಂತು, ತನ್ನ ಹೆಸರು, ಊರುಗಳನ್ನು ಸುಳ್ಳಿಲ್ಲದೆ ಹೇಳಿ, "ತಾವು ಯಾರು, ಯಾವ ಠಾಣೆಯವರು?" ಎಂದು ಮೆಲ್ಲಗೆ ಕೇಳಬೇಕು. ಕೇಳುವದು ಉದ್ಧಟತನವಲ್ಲ. ಬಂಧಿಸುವ ಪೋಲೀಸನ ಹೆಸರು ಕಣ್ಣಿಗೆ ಕಾಣುವಂತಿರಬೇಕೆಂದು 1996ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ಮಾತಿದೆ. ಬಂಧನದ ಟಿಪ್ಪಣಿಗೆ ಮನೆಯವರಲ್ಲೊಬ್ಬರ ಇಲ್ಲವೆ ನೆರೆಯ ಗೃಹಸ್ಥರೊಬ್ಬರ ಸಾಕ್ಷಿಯಿರಬೇಕು, ಬಂಧುಗಳಿಗೆ ಸುದ್ದಿ ಮುಟ್ಟಬೇಕು, 24 ತಾಸಿನೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಗುರುತು ತೋರಿಸಲೊಲ್ಲದವನು ಗಾಡಿ ಹತ್ತೆಂದರೆ 112ಕ್ಕೆ ಕರೆ ಮಾಡಿ ವಿಚಾರಿಸುವದೇ ಲೇಸು. ಖಾಕಿ ಬಟ್ಟೆ ಪೇಟೆಯಲ್ಲಿ ಯಾರಿಗಾದರೂ ಹೊಲಿಸಲು ಸಿಗುತ್ತದೆ. ಮೂಲ ಕಾಗದಗಳನ್ನು ಸುಮ್ಮನೆ ಕೈಬಿಡಬಾರದು. ಓದದೆ, ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಲೇಬಾರದು.

ಇಷ್ಟೆಲ್ಲ ಬಲ್ಲವನಿಗೂ ಆ ಗಳಿಗೆಯಲ್ಲಿ ನಾಲಗೆ ಒಣಗುವದುಂಟು. ಅದಕ್ಕೆ ಮನೆಯವರು ಜೋಳದ ರೊಟ್ಟಿಯ ಬುತ್ತಿಯ ಜೊತೆಗೆ ಕಾಗದಗಳ ಒಂದು ನಕಲನ್ನೂ ಕಟ್ಟಿಕೊಡುವದು ಮೇಲು. ಅದರ ಹಿಂಬದಿಗೆ ಊರಿನ ಯಾರಾದರೊಬ್ಬರ ದೂರವಾಣಿಯ ಅಂಕೆ, ಕರೆದೊಡನೆ ಓಗೊಡುವವರದು. ಇನ್ನೊಂದು ನಕಲು ಮನೆಯ ಪೆಟ್ಟಿಗೆಯಲ್ಲಿರಲಿ.